ದೀಪ ದೊಡ್ಡದು ಮಾಡ್ರಿ

ನಮ್ಮ ಮನೆಗೆ ಈಚೆಗೆ ಹೊಸ ಸ್ವಿಚ್ ಬೋರ್ಡು ಬಂದಿದೆ. ಬೋರ್ಡು ಅನ್ನುವುದಕ್ಕಿಂತ ಕಪ್ಪು ಗಾಜಿನ ತುಂಡು ಅನ್ನುವುದೇ ಸರಿ. ಅದರಲ್ಲಿ ಒತ್ತುವುದಕ್ಕೆ ಏನೂ ಇಲ್ಲ, ತಿರುಗಿಸುವುದಕ್ಕೂ ಏನೂ ಇಲ್ಲ. ಬೆರಳು ತಾಗಿಸಿದರೆ ದೀಪ ಹತ್ತುತ್ತದೆ. ಬೆರಳನ್ನು ಹಾಗೇ ಇಟ್ಟುಕೊಂಡರೆ ಬೆಳಕು ಮೆಲ್ಲಗೆ ಏರುತ್ತದೆ, ಇನ್ನೂ ಇಟ್ಟುಕೊಂಡರೆ ಮೆಲ್ಲಗೆ ಇಳಿಯುತ್ತದೆ. ಒರೆಸುವ ಬಟ್ಟೆ ಹಿಡಿದು ನಾನು ಅದರ ಧೂಳು ತೆಗೆಯಲು ಹೋದ ಮೊದಲ ದಿನ, ನಮ್ಮ ಹಾಲಿನ ದೀಪಗಳೆಲ್ಲ ಸೇರಿ ಮಾಡಿದ ಗಲಾಟೆಗೆ ಎದುರು ಮನೆಯವರು ಬಂದು "ಏನಾದ್ರೂ ಫಂಕ್ಷನ್ ಇದೆಯಾ?" ಎಂದು ವಿಚಾರಿಸಿಕೊಂಡು ಹೋದರು. ಈಗ ಆ ಗೋಡೆಯ ಪಕ್ಕ ಹಾದುಹೋಗುವಾಗ ಸೆರಗು ಹಿಡಿದುಕೊಂಡು, ಮಡಿಯಲ್ಲಿರುವವಳ ಹಾಗೆ ಓರೆಯಾಗಿ ನಡೆಯುತ್ತೇನೆ.

ಅದನ್ನು ಕೂರಿಸಿಕೊಟ್ಟ ಎಲೆಕ್ಟ್ರಿಷಿಯನ್ "ಇದು ಲೇಟೆಸ್ಟು ಆಂಟಿ, ಈಗ ಬಂದಿರೋದು" ಎಂದ. ನಾನು ಸುಮ್ಮನೆ ನಕ್ಕೆ. ಇದರ ಮುತ್ತಾತ ಎಂಬತ್ತರ ದಶಕದಲ್ಲೇ ಚನ್ನಗಿರಿಯ ನಮ್ಮ ಮನೆಯ ಗೋಡೆಯ ಮೇಲೆ ಬಂದು ಕೂತು, ನಮ್ಮ ಅಕ್ಕನ ಮದುವೆಯನ್ನು ಇನ್ನೇನು ಮುರಿದೇಬಿಟ್ಟಿತ್ತು ಎಂದರೆ ಅವನೆಲ್ಲಿ ನಂಬುತ್ತಾನೆ?

ನಾವು ಚಿಕ್ಕವರಿದ್ದಾಗ ಸ್ವಿಚ್ಚೆಂದರೆ ಗುಂಡಗೆ ಕಪ್ಪಗೆ ಇರುತ್ತಿತ್ತು. ಮಧ್ಯದಲ್ಲೊಂದು ಮೊಂಡು ಮೂಗು. ಮೂಗು ಕೆಳಗಾದರೆ ಬೆಳಕು, ಮೇಲಾದರೆ ಕತ್ತಲೆ. ಒತ್ತಿದಾಗ 'ಟಕ್' ಎಂದು ಪಕ್ಕದ ಮನೆಗೂ ಕೇಳಿಸುವ ಸದ್ದು. ಅದರ ಬಗ್ಗೆ ನಮಗೆ ಹಿರಿಯರು ಕೊಟ್ಟ ಶಿಕ್ಷಣ ಒಂದೇ ಪದದ್ದು: ಮುಟ್ಟಬೇಡ. ಒದ್ದೆ ಕೈಯಲ್ಲಿ ಮುಟ್ಟಬೇಡ, ಒಣ ಕೈಯಲ್ಲೂ ಮುಟ್ಟಬೇಡ, ಸುಮ್ಮನೆ ಅದರ ಕಡೆ ನೋಡಲೂ ಬೇಡ. ನಮ್ಮ ಅಜ್ಜಿ, ಎಂದರೆ ಅಪ್ಪನ ತಾಯಿ, ಜೀವಮಾನದಲ್ಲಿ ಸ್ವಿಚ್ಚಿಗೆ ಬೆರಳು ತಾಗಿಸಿದವಳೇ ಅಲ್ಲ. ಮುದ್ದೆ ತಿರುವುವ ಕೋಲಿನಿಂದ, ತೋಳಳತೆಯ ದೂರದಲ್ಲಿ ನಿಂತು, ಹಾವು ಓಡಿಸುವವಳ ಹಾಗೆ ಅದರ ಮೂಗಿಗೆ ತಿವಿಯುತ್ತಿದ್ದಳು. ಬಲ್ಬು ಹತ್ತಿದ ಕೂಡಲೇ ಕೋಲನ್ನು ಕಂಕುಳಲ್ಲಿಟ್ಟುಕೊಂಡು ಅದಕ್ಕೆ ಕೈ ಮುಗಿಯುತ್ತಿದ್ದಳು. ನಮ್ಮ ಮನೆಯ ಮುದ್ದೆ ತಡವಾದ ದಿನಗಳಲ್ಲಿ ಕೋಲು ಸ್ವಿಚ್ಚಿನ ಹತ್ತಿರ ಸಿಗುತ್ತಿತ್ತು.

ಅಜ್ಜಿಯ ಇನ್ನೊಂದು ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವಳ ಬಾಯಲ್ಲಿ ಕೆಟ್ಟ ಮಾತು ಬರುತ್ತಿರಲಿಲ್ಲ. ಬೈಗುಳ ಬೇಕಾದಷ್ಟು ಬರುತ್ತಿತ್ತು, ನಾನು ಹೇಳುತ್ತಿರುವುದು ಅಶುಭದ ಮಾತು. ಬಳೆ ಒಡೆಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕು. ಹೋಗುತ್ತೇನೆ ಅನ್ನಬಾರದು, ಬರುತ್ತೇನೆ ಅನ್ನಬೇಕು. ಅಕ್ಕಿ ಮುಗಿಯುವ ಹಾಗಿಲ್ಲ, ಹೆಚ್ಚಾಗಬೇಕು. ಒಮ್ಮೆ ಸಕ್ಕರೆ ಮುಗಿದಾಗ ನನ್ನನ್ನು ಅಂಗಡಿಗೆ ಕಳಿಸಿದಳು. ನಾನು ವಿಧೇಯ ಮೊಮ್ಮಗಳು. ಹೋಗಿ "ನಮ್ಮನೇಲಿ ಸಕ್ಕರೆ ಹೆಚ್ಚಾಗೈತಂತೆ" ಎಂದೆ. ಊರಿಗೆ ಹೊಸಬರಾಗಿದ್ದ ಅಂಗಡಿಯವರು "ಹೆಚ್ಚಾಗಿದ್ರೆ ವಾಪಸ್ ತಗಂಬಾರಮ್ಮ, ತೂಕ ಮಾಡಿ ಇಟ್ಕೊಂತೀನಿ" ಎಂದರು. ನಾನು ಖಾಲಿ ಡಬ್ಬಿ ಹಿಡಿದು ಮನೆಗೆ ಬಂದೆ.

ಇದೇ ಶಾಸ್ತ್ರದ ಪ್ರಕಾರ ದೀಪ ಆರಿಸು ಅನ್ನುವುದು ಮಹಾಪಾಪ. ದೀಪ ಆರಿಸಬೇಕಾದಾಗ ಅಜ್ಜಿ "ದೀಪ ದೊಡ್ಡದು ಮಾಡು" ಅನ್ನುತ್ತಿದ್ದಳು. ಎಣ್ಣೆ ದೀಪದ ಕಾಲದಿಂದ ಬಂದ ಮಾತು, ಕರೆಂಟು ಬಂದ ಮೇಲೂ ಉಳಿಯಿತು. ಮಲಗುವ ಮುಂಚೆ "ದೀಪ ದೊಡ್ಡದು ಮಾಡ್ರೋ" ಎಂಬ ಕೂಗು ಬಂದರೆ ಅಪ್ಪ ಎದ್ದು ಸ್ವಿಚ್ಚಿನ ಮೂಗು ಮೇಲಕ್ಕೆತ್ತುತ್ತಿದ್ದರು. ಅದರಲ್ಲಿ ಗೊಂದಲವೇ ಇರಲಿಲ್ಲ. ಯಾಕೆಂದರೆ ಬಲ್ಬಿಗೆ ಇದ್ದದ್ದು ಎರಡೇ ಸ್ಥಿತಿ. ಹತ್ತಿದ ಬಲ್ಬನ್ನು ನಿಜವಾಗಿ ದೊಡ್ಡದು ಮಾಡಲು ಯಾರಿಂದಲೂ ಆಗುತ್ತಿರಲಿಲ್ಲ. ಆದ್ದರಿಂದ ಅಜ್ಜಿಯ ಮಾತಿಗೆ ಅರ್ಥ ಒಂದೇ ಇತ್ತು.

ಆ ಏಕಾರ್ಥವನ್ನು ಹಾಳು ಮಾಡಿದವನು ನಮ್ಮ ಬಸಣ್ಣ ಮಾಮ. ಅಮ್ಮನ ತಮ್ಮ. ಹೊನ್ನಾಳಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ. ಅಕ್ಕನ ಮನೆಗೆ ಬರುವಾಗ ಬೇರೆ ತಮ್ಮಂದಿರು ಹಣ್ಣು ತರುತ್ತಾರೆ, ಇವನು ವೈರು ತರುತ್ತಿದ್ದ. ಒಮ್ಮೆ ಬಂದಾಗ ಬಾಗಿಲಿಗೆ ಗುಬ್ಬಿಯ ಹಾಗೆ ಕೂಗುವ ಬೆಲ್ಲು ಹಾಕಿದ. ಅದು ಗುಬ್ಬಿಯ ಹಾಗೆ ಶುರುವಾಗಿ ಹಂದಿಯ ಹಾಗೆ ಮುಗಿಯುತ್ತಿತ್ತು. ಮತ್ತೊಮ್ಮೆ ನಮ್ಮ ರೇಡಿಯೋವನ್ನು ಬಿಚ್ಚಿ ಕಟ್ಟಿದ. ಆಮೇಲೆ ಅದರಲ್ಲಿ ನಮಗೆ ಭಾಷೆಯೇ ತಿಳಿಯದ ಯಾವ ಯಾವುದೋ ದೇಶದ ವಾರ್ತೆ ಬರುತ್ತಿತ್ತು, ಕನ್ನಡ ಮಾತ್ರ ಬರುತ್ತಿರಲಿಲ್ಲ. ಅಂಥ ಮಾಮ ಒಂದು ಸಲ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಅಲ್ಲಿಂದ ಏನೇನೋ ಬಿಡಿಭಾಗ ತಂದು, ತಿಂಗಳುಗಟ್ಟಲೆ ಕೂತು ಒಂದು ಯಂತ್ರ ಮಾಡಿದ. ಮರದ ಹಲಗೆ, ಅದರ ಮೇಲೆ ಬಿಲ್ಲೆಯಂಥ ಹಿತ್ತಾಳೆ ತಗಡು. ಅಷ್ಟೇ.

"ಇದನ್ನ ಒತ್ತಂಗಿಲ್ಲ. ಮುಟ್ಟಿದ್ರೆ ಸಾಕು" ಎಂದು ಮಾಮ ವಿವರಿಸಿದ. "ಮುಟ್ಟಿ ಬಿಟ್ರೆ ಹತ್ತುತ್ತೆ, ಇನ್ನೊಂದ್ ಸಲ ಮುಟ್ಟಿ ಬಿಟ್ರೆ ಆರುತ್ತೆ. ಬೆರಳು ಇಟ್ಕಂಡೇ ಇದ್ರೆ ಬೆಳಕು ಹೆಚ್ಚಾಗುತ್ತೆ, ಕಮ್ಮಿ ಆಗುತ್ತೆ. ಸಿನೆಮಾ ಟಾಕೀಸ್ನಾಗೆ ಆಗಲ್ಲೇನು, ಹಂಗೆ."

"ಆರುತ್ತೆ ಅನ್ಬ್ಯಾಡ" ಎಂದಳು ಅಜ್ಜಿ.

ಅಜ್ಜಿ ಮೊದಲು ಮುದ್ದೆ ಕೋಲಿನಿಂದಲೇ ಪ್ರಯತ್ನಿಸಿದಳು. ಕೋಲಿಗೆ ಅದು ಜಗ್ಗಲಿಲ್ಲ. "ಬೆರಳೇ ಬೇಕಜ್ಜಿ" ಎಂದ ಮಾಮ. "ಕರೆಂಟಿಗೆ ಕೈ ಕೊಡು ಅಂತೀಯೇನೋ?" ಎಂದು ಅಜ್ಜಿ ಅವನನ್ನೂ ತಗಡನ್ನೂ ಬಹಳ ಹೊತ್ತು ನೋಡಿದಳು. ಕೊನೆಗೆ ಕಣ್ಣು ಮುಚ್ಚಿ, ಮನೆದೇವರ ಹೆಸರು ಹೇಳಿ, ಬೆರಳ ತುದಿ ತಾಗಿಸಿ ಸರಕ್ಕನೆ ಹಿಂದಕ್ಕೆಳೆದುಕೊಂಡಳು. ಬಲ್ಬು ಹತ್ತಿತು. ಅಜ್ಜಿ ಕಣ್ಣು ಬಿಟ್ಟು ಮೊದಲು ಬೆರಳು ನೋಡಿಕೊಂಡಳು, ಆಮೇಲೆ ಬಲ್ಬಿಗೆ ಕೈ ಮುಗಿದಳು. ಅಂದಿನಿಂದ ನಮ್ಮ ಮುದ್ದೆ ಹೊತ್ತಿಗೆ ಸರಿಯಾಗಿ ಆಗತೊಡಗಿತು.

ಮನೆಯಲ್ಲಿ ಎಲ್ಲರ ಬೆರಳಿಗೂ ಒಲಿದ ಆ ತಗಡು ಅಪ್ಪನಿಗೆ ಮಾತ್ರ ಒಲಿಯಲಿಲ್ಲ. ಅಪ್ಪ ತ್ಯಾವಣಿಗೆಯ ಶಾಲೆಯಲ್ಲಿ ಮೇಷ್ಟ್ರು. ಇಷ್ಟು ವರ್ಷ ಸೀಮೆಸುಣ್ಣ ಹಿಡಿದು ಅವರ ಬೆರಳ ತುದಿಗಳು ಒಣಗಿ, ಹಪ್ಪಳದ ಹಾಗೆ ಆಗಿಬಿಟ್ಟಿದ್ದವು. ಅವರು ಮುಟ್ಟುತ್ತಿದ್ದರು, ತಟ್ಟುತ್ತಿದ್ದರು, ಗದರುತ್ತಿದ್ದರು. ತಗಡು ಹಿಂದಿನ ಬೆಂಚಿನ ಹುಡುಗನ ಹಾಗೆ ಸುಮ್ಮನಿರುತ್ತಿತ್ತು. "ಕೈ ಪಸೆ ಇರ್ಬೇಕು ಭಾವ" ಎಂದು ಬಸಣ್ಣ ಮಾಮ ಹೇಳಿದರೆ, "ನನ್ನ ಮನೆ ದೀಪ ಹಚ್ಚಾಕೆ ನಾನು ಕೈ ತೊಳ್ಕಂಡ್ ಬರ್ಬೇಕಾ?" ಎಂದು ಅಪ್ಪನಿಗೆ ಸಿಟ್ಟು. ಕತ್ತಲಾದರೆ ನನ್ನನ್ನು ಕರೆದು ದೀಪ ಹಾಕಿಸಿಕೊಳ್ಳುತ್ತಿದ್ದರು.

ಇದೇ ಸಮಯಕ್ಕೆ ಮಂಗಳಕ್ಕನಿಗೆ ಗಂಡು ನೋಡುತ್ತಿದ್ದರು. ಗಂಡು ನೋಡುವುದು ಅನ್ನುತ್ತೇವೆ, ಆದರೆ ಗಂಡನ್ನು ನೋಡುವವರು ಅಪ್ಪ ಮತ್ತು ಮಾಮ. ಅಕ್ಕ ಮಾತ್ರ ನೋಡುವ ಹಾಗಿರಲಿಲ್ಲ. ಅವಳ ಕೆಲಸ ತಟ್ಟೆ ತಂದಿಡುವುದು, ತಲೆ ತಗ್ಗಿಸಿ ಕೂರುವುದು, ಎದ್ದು ಹೋಗುವುದು. ತಲೆ ಎತ್ತಿದರೆ ಜಂಬದ ಹುಡುಗಿ ಎಂದು ಹೆಸರು ಬರುತ್ತದೆಂದು ಅಪ್ಪನ ಕಟ್ಟಪ್ಪಣೆ. ಹೀಗಾಗಿ ಬಂದುಹೋದ ಗಂಡುಗಳ ಬಗ್ಗೆ ಅಕ್ಕನಿಗೆ ತಿಳಿದಿದ್ದೆಲ್ಲ ಮೊಣಕಾಲಿನಿಂದ ಕೆಳಗಿನದು. "ಸಂತೇಬೆನ್ನೂರಿನವ್ರಿಗೆ ಹೆಬ್ಬೆರಳ ಉಗುರು ಕರ್ರಗೆ ಆಗಿತ್ತು ಕಣೆ" ಎಂದು ನನ್ನ ಹತ್ತಿರ ಹೇಳುತ್ತಿದ್ದಳು. "ನ್ಯಾಮತಿಯವ್ರು ಸಾಕ್ಸ್ ಹಾಕಿದ್ರು. ಅದೂ ಕಾಣ್ಲಿಲ್ಲ." ಸಂತೇಬೆನ್ನೂರಿನವರು ಊರಿಗೆ ಹೋಗಿ ಬೇಡವೆಂದರು. ನ್ಯಾಮತಿಯವರನ್ನು ಅಪ್ಪನೇ ಬೇಡವೆಂದರು. ಅಕ್ಕನನ್ನು ಯಾರೂ ಏನೂ ಕೇಳಲಿಲ್ಲ.

ಜಗಳೂರಿನಿಂದ ಒಂದು ಸಂಬಂಧ ಬಂದಾಗ ಅಕ್ಕ ಅಡುಗೆಮನೆಯಲ್ಲಿ ನಿಂತು ಅಮ್ಮನಿಗೆ ಹೇಳಿಬಿಟ್ಟಳು: "ಈ ಸಲ ಮುಖ ನೋಡ್ದೆ ನಾನು ಹೂಂ ಅನ್ನಲ್ಲ. ಅಪ್ಪಗೆ ಹೇಳ್ಬಿಡು."

"ನಾನೇನ್ ನಿಮ್ಮಪ್ಪನ್ನ ನೋಡಿ ಮದುವೆ ಆದ್ನಾ?" ಎಂದಳು ಅಮ್ಮ.

"ಅದಕ್ಕೇ ಹೇಳ್ತಿರಾದು" ಎಂದಳು ಅಕ್ಕ.

ಅಮ್ಮ ನಗಲೂ ಆಗದೆ ಬೈಯಲೂ ಆಗದೆ ಒಗ್ಗರಣೆ ಕಡೆ ತಿರುಗಿದಳು. ನನಗೆ ಮಾತ್ರ ಅಂದು ಅಕ್ಕನ ಮುಖ ಕಂಡು ಭಯವಾಯಿತು. ಅದು ತಮಾಷೆಯ ಮುಖವಾಗಿರಲಿಲ್ಲ. ಬರುವ ಗಂಡಿನೊಂದಿಗೆ ಬಾಳುವೆ ಮಾಡುವವಳು ನಾನು, ಅವನ ಮುಖ ನನಗೊಬ್ಬಳಿಗೇ ಗೊತ್ತಿರುವುದಿಲ್ಲ ಎಂದು ಅವಳು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ.

ಜಗಳೂರಿನವರು ಬೆಳಿಗ್ಗೆ ಬರಬೇಕಾದವರು. ಬಸ್ಸು ತಪ್ಪಿ, ದಾವಣಗೆರೆಯಲ್ಲಿ ಕಾದು, ನಮ್ಮ ಮನೆ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಬಂದವರು ಇಬ್ಬರೇ. ಹುಡುಗ ತಿಪ್ಪೇಸ್ವಾಮಿ, ದನದ ಆಸ್ಪತ್ರೆಯಲ್ಲಿ ಕಾಂಪೌಂಡರು. ಜೊತೆಗೆ ಅವನನ್ನು ಸಾಕಿ ಬೆಳೆಸಿದ ಸೋದರತ್ತೆ ಕೊಟ್ರಮ್ಮ. ಹುಡುಗನ ಹೆಗಲಲ್ಲಿ ಒಂದು ಚೀಲ, ಚೀಲದಿಂದ ಇಣುಕುವ ಉದ್ದನೆಯ ಟಾರ್ಚು. ಅಪ್ಪ ಅದನ್ನು ನೋಡಿದ್ದು ಕಂಡು, "ಕರು ಹಾಕೋ ಎಮ್ಮೆ ಹಗಲು ರಾತ್ರಿ ನೋಡಲ್ಲ ನೋಡ್ರಿ, ಕರೆದಾಗ ಹೋಗ್ಬೇಕು" ಎಂದು ಅವನೇ ವಿವರಣೆ ಕೊಟ್ಟ. ಎತ್ತಿನ ಬಾಯಿಗೆ ಬೆಳಕು ಬಿಟ್ಟು ಹಲ್ಲು ನೋಡಿ ವಯಸ್ಸು ಹೇಳುವುದರಲ್ಲಿ ಅವನು ಹೆಸರುವಾಸಿ ಎಂದು ಕೊಟ್ರಮ್ಮ ಸೇರಿಸಿದರು.

ಕತ್ತಲಾಗುತ್ತಿದ್ದುದರಿಂದ ಬಸಣ್ಣ ಮಾಮನಿಗೆ ಆದ ಸಂತೋಷ ಹೇಳತೀರದು. ಅವನು ಒಂದು ಯೋಜನೆ ಹಾಕಿದ್ದ. ಬಲ್ಬು ಮೊದಲು ಸಣ್ಣಗೆ ಉರಿಯುತ್ತಿರಬೇಕು. ಮಂಗಳ ಉಪ್ಪಿಟ್ಟಿನ ತಟ್ಟೆ ಹಿಡಿದು ಬರುತ್ತಿದ್ದ ಹಾಗೆ ಬೆಳಕು ಮೆಲ್ಲಗೆ ಏರಬೇಕು. ಜಗಳೂರಿನವರು ಬಾಯಿ ಬಿಟ್ಟು ನೋಡಬೇಕು. ಅಕ್ಕ ಹೊಸಿಲಿಗೆ ಬಂದಳು, ಮಾಮ ತಗಡಿಗೆ ಬೆರಳಿಟ್ಟ. ಬೆಳಕು ಏರಿತು ನಿಜ. ಆದರೆ ಜಗಳೂರಿನವರಿಗಿಂತ ಮುಂಚೆ ಮಾಮನೇ ಬಾಯಿ ಬಿಟ್ಟು ನೋಡುತ್ತ ಬೆರಳು ತೆಗೆಯುವುದನ್ನೇ ಮರೆತ. ಏರಿದ ಬೆಳಕು ಅಷ್ಟೇ ಮೆಲ್ಲಗೆ ಇಳಿದು, ಅಕ್ಕ ತಟ್ಟೆ ಇಟ್ಟು ಕೂರುವ ಹೊತ್ತಿಗೆ ಬಲ್ಬಿನೊಳಗೆ ಒಂದು ಕೆಂಪು ಎಳೆ ಮಾತ್ರ ಉಳಿಯಿತು. ಮಾಮ ಮತ್ತೆ ಕೈ ಎತ್ತಿದ. ಅಪ್ಪ ಅವನನ್ನು ಒಂದು ನೋಟ ನೋಡಿದರು. ಮಾಮ ಕೈಯನ್ನು ಜೇಬಿಗೆ ಹಾಕಿಕೊಂಡು ಮೂಲೆಯ ಕುರ್ಚಿಗೆ ಹೋದ. ಅಪ್ಪ ತಾವೇ ಬಂದು ತಗಡಿನ ಪಕ್ಕ ಕಾವಲು ಕೂತರು.

ಆ ಮಬ್ಬಿನಲ್ಲೇ ಮಾತು ನಡೆಯಿತು.

"ಎಲ್ಲಿ ತಂಕ ಓದೀಯವ್ವಾ?" ಎಂದರು ಕೊಟ್ರಮ್ಮ.

"ಪಿಯುಸಿ ಆತ್ರಿ."

"ರೊಟ್ಟಿ ಬಡಿಯಾಕೆ ಬರುತ್ತಾ?"

"ಬರುತ್ರಿ."

"ನಮ್ಮ ಹುಡುಗನ್ನ ನೋಡಿದೇನವ್ವಾ?"

ಈ ಪ್ರಶ್ನೆಗೆ ಉತ್ತರ ಒಂದೇ ಎಂದು ಎಲ್ಲರಿಗೂ ಗೊತ್ತು. ತಗ್ಗಿಸಿದ ತಲೆಯನ್ನು ಇನ್ನೂ ಸ್ವಲ್ಪ ತಗ್ಗಿಸಬೇಕು, ಅಷ್ಟೇ. ಅಕ್ಕ ತಲೆ ಅಲ್ಲಾಡಿಸದೆ, ಶಾಂತವಾಗಿ, "ಇಲ್ರೀ. ಕಂಡಿಲ್ಲ" ಎಂದಳು.

ಅಡುಗೆಮನೆ ಬಾಗಿಲಲ್ಲಿ ಅಮ್ಮನ ಬಳೆ ಸದ್ದು ನಿಂತಿತು. ಅಪ್ಪ ಬೆವರತೊಡಗಿದರು. ಹಣೆ, ಕತ್ತು, ಅಂಗೈ ಎಲ್ಲ ಒದ್ದೆಯಾಗಿ ಪಂಚೆಯ ಅಂಚು ಹಿಂಡಿಕೊಳ್ಳುತ್ತಿದ್ದುದು ನನಗೆ ಕಾಣುತ್ತಿತ್ತು. ಕೊಟ್ರಮ್ಮ ಮಾತ್ರ ಬೇಜಾರು ಮಾಡಿಕೊಳ್ಳಲಿಲ್ಲ.

"ಖರೇನೇ ಐತಿ ಬಿಡವ್ವ. ಈ ಬೆಳಕ್ನಾಗೆ ಸಾಕಿದ ನನಿಗೇ ಇವನು ಕಾಣವಲ್ಲ" ಎಂದು ನಕ್ಕರು. "ಮೇಷ್ಟ್ರೇ, ದೀಪ ಒಂಚೂರು ದೊಡ್ಡದು ಮಾಡ್ರಿ. ನೋಡ್ಲಿ."

ವಯಸ್ಸಾದ ಹೆಂಗಸಿನ ದನಿ. ದೀಪ ದೊಡ್ಡದು ಮಾಡು ಎಂಬ ಅಪ್ಪಣೆ. ಹುಟ್ಟಿದಾಗಿನಿಂದ ಆ ಮಾತಿಗೆ ಅಪ್ಪನ ಕೈ ಮಾಡಿಕೊಂಡು ಬಂದಿದ್ದು ಒಂದೇ ಕೆಲಸ. ತಲೆ ಯೋಚಿಸುವ ಮೊದಲೇ ಕೈ ಹೋಗಿ ತಗಡನ್ನು ಮುಟ್ಟಿತು. ಅಲ್ಲಿಯವರೆಗೆ ಅಪ್ಪನ ಒಣ ಬೆರಳಿಗೆ ಒಮ್ಮೆಯೂ ಓಗೊಡದ ತಗಡು, ಬೆವರಿದ ಬೆರಳು ತಾಗಿದ್ದೇ ತಡ, ಬಹಳ ವಿಧೇಯತೆಯಿಂದ ದೀಪ ಆರಿಸಿತು.



"ದೀಪ ಆರ್ತಲ್ಲಪ್ಪ" ಎಂದು ಕೊಟ್ರಮ್ಮನ ದನಿ ಕೇಳಿತು. ಅದರಲ್ಲಿ ಈಗ ನಗು ಇರಲಿಲ್ಲ. ಹೆಣ್ಣು ನೋಡಲು ಬಂದಾಗ, ಅದೂ ಹುಡುಗಿ ಎದುರಿಗೆ ಕೂತಿರುವಾಗ ದೀಪ ಆರುವುದೆಂದರೆ ಏನೆಂದು ನನ್ನಂಥ ಸಣ್ಣವಳಿಗೂ ತಿಳಿಯುತ್ತಿತ್ತು. ಇದಕ್ಕಿಂತ ಸಣ್ಣ ಕಾರಣಕ್ಕೆ, ಹಲ್ಲಿ ಲೊಚಗುಟ್ಟಿದ್ದಕ್ಕೆ, ಎದ್ದು ಹೋದವರಿದ್ದಾರೆ. ಅಕ್ಕನ ಕೈ ಹುಡುಕಿ ಹಿಡಿದುಕೊಂಡೆ. 

ಆಗ ಮೂಲೆಯಿಂದ ಅಜ್ಜಿ ಬಾಯಿ ಹಾಕಿದಳು. "ಆರಿಲ್ಲ ಕಣವ್ವ. ದೊಡ್ಡದಾಗೈತೆ."

"ದೊಡ್ಡದಾಗಿದ್ರೆ ಕಾಣ್ಬೇಕಲ್ರೀ?"

"ದೊಡ್ಡದಾದ್ರೆ ಹೆಂಗೆ ಕಾಣುತ್ತೆ? ಸಣ್ಣದಿದ್ರೆ ಕಾಣುತ್ತೆ."

"ನಮ್ಮೂರಾಗೆ ದೊಡ್ಡದಾದ್ರೇನೇ ಕಾಣಾದು."

"ನಿಮ್ಮೂರಾಗೆ ಏನೇನೋ ಐತೆ ಬಿಡವ್ವ."

ಇಬ್ಬರು ಹಿರಿಯರು ಒಬ್ಬರಿಗೊಬ್ಬರು ಕಾಣದೆ ಹೀಗೆ ಮರ್ಯಾದೆಯಿಂದ ವಾದಿಸುತ್ತಿರುವಾಗ ಅಪ್ಪ ತಗಡನ್ನು ಪಟಪಟ ತಟ್ಟುತ್ತಿದ್ದರು. ಆದರೆ ತಟ್ಟುವ ಮೊದಲು ಗಾಬರಿಯಲ್ಲಿ ಕೈಯನ್ನು ಪಂಚೆಗೆ ಚೆನ್ನಾಗಿ ಒರೆಸಿಕೊಂಡುಬಿಟ್ಟಿದ್ದರು. ಒಣಗಿದ ಬೆರಳಿಗೆ ತಗಡು ಮತ್ತೆ ಹಳೆಯ ಹಗೆ ಸಾಧಿಸಿತು. "ತಡೀರಿ ಭಾವ, ನಾನ್ ಬಂದೆ" ಎಂದು ಬಸಣ್ಣ ಮಾಮ ಎದ್ದವನು ಟೀಪಾಯಿಗೆ ಎಡವಿದ. ಉಪ್ಪಿಟ್ಟು ನೆಲಕ್ಕೆ ಹೋದ ಸದ್ದು ಎಲ್ಲರಿಗೂ ಕೇಳಿತು.

'ಚಿಟ್' ಎಂದು ಟಾರ್ಚು ಹತ್ತಿತು.

ಟಾರ್ಚು ಇದ್ದವರು ಕತ್ತಲಲ್ಲಿ ಅದನ್ನು ಎತ್ತ ಬಿಡುತ್ತಾರೆ? ಸ್ವಿಚ್ಚಿನ ಕಡೆ ಬಿಡಬೇಕು, ಇಲ್ಲ ಬಾಗಿಲ ಕಡೆ. ಅಥವಾ ಇಷ್ಟು ದೂರ ಹೆಣ್ಣು ನೋಡಲು ಬಂದವನು ಹೆಣ್ಣಿನ ಕಡೆ ಬಿಟ್ಟಿದ್ದರೂ ನಾವು ಏನೂ ಅನ್ನುವ ಹಾಗಿರಲಿಲ್ಲ. ತಿಪ್ಪೇಸ್ವಾಮಿ ಟಾರ್ಚನ್ನು ತನ್ನ ಗದ್ದದ ಕೆಳಗೆ ಹಿಡಿದು, ಬೆಳಕನ್ನು ತನ್ನ ಮುಖಕ್ಕೇ ಬಿಟ್ಟುಕೊಂಡಿದ್ದ.

"ಈಗ ನೋಡ್ರಿ" ಎಂದ.

ಚೆಲುವ ಎಂದು ಹೇಳಲಾರೆ. ಕೆಳಗಿನಿಂದ ಬೆಳಕು ಬಿದ್ದರೆ ಯಾರೂ ಚೆಲುವರಲ್ಲ. ಮೂಗಿನ ಹೊಳ್ಳೆಗಳೇ ಮುಖದ ಮುಕ್ಕಾಲು ಭಾಗ, ಮೀಸೆಯ ನೆರಳು ತೊಲೆಯವರೆಗೆ. ಕಣ್ಣಿಗೆ ಬೆಳಕು ಹೊಡೆದು ನೀರು ಬರುತ್ತಿತ್ತು, ಆದರೂ ಅವನು ಟಾರ್ಚು ಇಳಿಸಲಿಲ್ಲ. ಎತ್ತುಗಳ ಬಾಯಿ ತೆರೆಸಿ ನೋಡಿ ಅಭ್ಯಾಸವಿದ್ದ ಮನುಷ್ಯ, ಅಂದು ತಾನೇ ಎತ್ತಿನ ಜಾಗದಲ್ಲಿ ಕೂತು ತೋರಿಸಿಕೊಳ್ಳುತ್ತಿದ್ದ.

ಅಕ್ಕ ತಲೆ ಎತ್ತಿ ನೋಡಿದಳು. ಕದ್ದು ನೋಡಲಿಲ್ಲ, ನೆಟ್ಟಗೆ ನೋಡಿದಳು. ಅಪ್ಪ ಕೆಮ್ಮಿದರೂ ನೋಡಿದಳು. ಆಮೇಲೆ ಅವನ ಕಣ್ಣೀರು ಕಂಡು ಪಾಪ ಅನಿಸಿರಬೇಕು, "ಸಾಕು, ದೊಡ್ಡದು ಮಾಡ್ರಿ" ಎಂದಳು.

ನಮ್ಮ ಮನೆಯ ಭಾಷೆಯಲ್ಲಿ ಅದರ ಅರ್ಥ ಆರಿಸಿ ಎಂದು. ಜಗಳೂರಿನವನಿಗೆ ಅದು ಹೇಗೆ ತಿಳಿಯಬೇಕು? ಇನ್ನೂ ಸರಿಯಾಗಿ ಕಂಡಿಲ್ಲವೇನೋ ಎಂದು ಟಾರ್ಚನ್ನು ಗದ್ದಕ್ಕೆ ತಾಗುವಷ್ಟು ಹತ್ತಿರ ತಂದು, ಉರಿಯುವ ಕಣ್ಣನ್ನು ಇನ್ನಷ್ಟು ಅಗಲ ಮಾಡಿದ.

ಮೊದಲು ನಕ್ಕವಳು ಅಜ್ಜಿ. ಆಮೇಲೆ ಅಮ್ಮ, ಆಮೇಲೆ ನಾನು. ಕೊನೆಗೆ ಅಪ್ಪನೂ ನಕ್ಕರು. ಯಾಕೆ ನಗುತ್ತಿದ್ದೇವೆಂದು ತಿಳಿಯದೆ ಕಕ್ಕಾಬಿಕ್ಕಿಯಾದ ಕೊಟ್ರಮ್ಮನಿಗೆ ಅಮ್ಮ ಎಲ್ಲವನ್ನೂ ಬಿಡಿಸಿ ಹೇಳಿದಾಗ ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. "ನಿಮ್ಮನಿ ಭಾಷೆ ಕಲಿಯಾಕೆ ನಮ್ಮ ಹುಡುಗನಿಗೆ ಭಾಳ ವರ್ಷ ಬೇಕಾಗುತ್ತೆ ಬಿಡ್ರಿ" ಎಂದರು. ದೀಪ ಆರಿದ ವಿಷಯವನ್ನು ಮತ್ತೆ ಅವರು ಎತ್ತಲಿಲ್ಲ.

ಅವರನ್ನು ಬಸ್ಸು ಹತ್ತಿಸಿ ಬಂದ ಅಪ್ಪ ಮೊದಲ ಸಲ ಅಕ್ಕನನ್ನೇ ಕರೆದು ಒಪ್ಪಿಗೆಯಾ ಎಂದು ಕೇಳಿದರು. ಅಕ್ಕ ಚೆಲ್ಲಿದ ಉಪ್ಪಿಟ್ಟು ಬಳಿಯುತ್ತಿದ್ದಳು. "ಟಾರ್ಚು ಎತ್ಲಾಗೆ ಹಿಡಿದ್ರು ನೋಡಿದ್ರಲ್ಲಪ್ಪ" ಎಂದಳು. ಅಪ್ಪನಿಗೆ ಅದು ಉತ್ತರವೋ ಪ್ರಶ್ನೆಯೋ ತಿಳಿಯಲಿಲ್ಲ. ಅಮ್ಮನಿಗೆ ತಿಳಿಯಿತು.

ಮಾಮನ ತಗಡು ಹೆಚ್ಚು ದಿನ ಬಾಳಲಿಲ್ಲ. ಮುಂದಿನ ಮಳೆಗಾಲದ ಒಂದು ಸಿಡಿಲಿಗೆ ಅದರೊಳಗಿಂದ ಹೊಗೆ ಬಂತು. ಮಾಮ ರಿಪೇರಿಗೆಂದು ಹೊನ್ನಾಳಿಗೆ ಒಯ್ದ, ಅದು ಅಲ್ಲೇ ಉಳಿಯಿತು. ಗೋಡೆಗೆ ಮತ್ತೆ ಮೊಂಡು ಮೂಗಿನ ಕಪ್ಪು ಸ್ವಿಚ್ಚು ಬಂತು. ಅಜ್ಜಿ ಮುದ್ದೆ ಕೋಲು ಹುಡುಕಿಕೊಂಡಳು. ಅಪ್ಪನ ಕೈಗೆ ಅಧಿಕಾರ ವಾಪಸ್ಸಾಯಿತು.

ಹೋದ ತಿಂಗಳು ಅಕ್ಕ ಭಾವ ನಮ್ಮ ಹೊಸ ಸ್ವಿಚ್ಚು ನೋಡಲೆಂದೇ ಬಂದಿದ್ದರು. ಭಾವನ ಮೀಸೆ ಪೂರ್ತಿ ಬೆಳ್ಳಗಾಗಿದೆ. ಈಚೆಗೆ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರಿಂದ ಬೆಳಕು ಹೆಚ್ಚಾದರೆ ನೀರು ಬರುತ್ತದೆ. ಕೊಟ್ರಮ್ಮ ಹೇಳಿದ್ದು ಸುಳ್ಳಾಗಲಿಲ್ಲ, ನಮ್ಮ ಭಾಷೆ ಕಲಿಯಲು ಅವರಿಗೆ ಬಹಳ ವರ್ಷ ಬೇಕಾಯಿತು. ಇವತ್ತಿಗೂ ಅಕ್ಕ ದೀಪ ದೊಡ್ಡದು ಮಾಡ್ರಿ ಎಂದರೆ, "ನಿಮ್ಮಜ್ಜಿ ದೊಡ್ಡದೋ, ನಮ್ಮತ್ತೆ ದೊಡ್ಡದೋ?" ಎಂದು ಕೇಳಿಕೊಂಡೇ ಕೈ ಹಾಕುತ್ತಾರೆ.

ಭಾವ ಕಪ್ಪು ಗಾಜಿನ ಮುಂದೆ ನಿಂತು ಬೆರಳಿಟ್ಟರು. ಬೆಳಕು ಮೆಲ್ಲಗೆ ಏರಿತು. ಬಸಣ್ಣ ಮಾಮನ ಹಾಗೆ ಅವರೂ ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತ ನಿಂತರು. ಕಣ್ಣಲ್ಲಿ ನೀರು ತುಂಬಿತು. ಸೋಫಾದ ಮೇಲೆ ಕೂತಿದ್ದ ಅಕ್ಕ ದೀಪದ ಕಡೆ ನೋಡುತ್ತಿರಲಿಲ್ಲ.

"ಭಾವನ ಕಣ್ಣು ಉರೀತೈತೆ, ದೊಡ್ಡದು ಮಾಡ್ಸೇ" ಎಂದೆ ನಾನು.

"ಯಾವ ದೊಡ್ಡದು?" ಎಂದರು ಭಾವ, ಬೆರಳು ತೆಗೆಯದೆ.

"ಯಾವ್ದೂ ಬ್ಯಾಡ" ಎಂದಳು ಅಕ್ಕ. "ಒಂದ್ ಗಳಿಗೆ ಹಂಗೇ ಇರ್ರಿ. ಇನ್ನೂ ನೋಡಿ ಆಗಿಲ್ಲ."